ಔಟ್‌ಲೆಟ್ ತಾಪಮಾನ ಸರಿಯಿದ್ದರೆ ಹೀಟರ್ ಸರಿಯಿದೆ ಎಂದರ್ಥವೇ?

ಪ್ರಶ್ನೆ: ನಮ್ಮ ಸಕ್ಕರೆ ಕಾರ್ಖಾನೆಯ ಜ್ಯೂಸ್ ಹೀಟರ್‌ನಿಂದ ಹೊರಬರುವ ರಸದ ತಾಪಮಾನ ಸದಾ 102 ಡಿಗ್ರಿಯಲ್ಲೇ ಇರುತ್ತದೆ. ಇಳಿದರೆ ಅಲಾರಂ ಹೊಡೆಯುತ್ತದೆ. ಹೀಗಿರುವಾಗ ಸೆನ್ಸರ್ ದತ್ತಾಂಶದಿಂದ ದೋಷ ಪತ್ತೆ ಮಾಡುವ ಸಾಫ್ಟ್‌ವೇರ್ ಏಕೆ ಬೇಕು? (ಮಂಡ್ಯದ ಓದುಗರೊಬ್ಬರು)

ಉತ್ತರ: ಈ ಪ್ರಶ್ನೆಗೆ ಹಿಂದೆಯೂ ಹಲವು ಬಾರಿ ಉತ್ತರಿಸಿದ್ದೇನೆ. ಆದರೂ ಕಬ್ಬು ಅರೆಯುವ ಹಂಗಾಮು ಶುರುವಾದೊಡನೆ ಅದೇ ಪ್ರಶ್ನೆ ಮತ್ತೆ ಬರುವುದರಿಂದ ಈ ಸಲ ಲೆಕ್ಕ ಸಮೇತ ಬರೆಯುತ್ತಿದ್ದೇನೆ. ದಯವಿಟ್ಟು ಪೆನ್ನು ಹಿಡಿದು ಓದಿ.

ಔಟ್‌ಲೆಟ್ ತಾಪಮಾನ ಸರಿಯಿದ್ದರೆ ಹೀಟರ್ ಸರಿಯಿದೆ ಎಂಬ ನಂಬಿಕೆ ತಪ್ಪು. ಹೀಟರ್‌ನಲ್ಲಿ ರಸ ಕೊಳವೆಗಳ ಒಳಗೆ ಹರಿಯುತ್ತದೆ, ಹೊರಗಿನಿಂದ ಹಬೆ ಅದನ್ನು ಬಿಸಿ ಮಾಡುತ್ತದೆ. ಆ ತಾಪಮಾನವನ್ನು ಕಾಯುತ್ತಿರುವುದು ಹಬೆಯ ಕಂಟ್ರೋಲ್ ವಾಲ್ವ್. ಕೊಳವೆಗಳ ಒಳಗೋಡೆಗೆ ಸ್ಕೇಲ್ (ರಸದಿಂದ ಕೂಡುವ ಗಟ್ಟಿ ಪದರ) ಕಟ್ಟಿ ಶಾಖ ದಾಟುವುದು ಕಷ್ಟವಾದಾಗ ವಾಲ್ವ್ ಇನ್ನಷ್ಟು ತೆರೆದುಕೊಳ್ಳುತ್ತದೆ, ಹಬೆಯ ಒತ್ತಡ ಮತ್ತು ತಾಪಮಾನ ಏರುತ್ತವೆ, ರಸ ಎಂದಿನಂತೆ 102ಕ್ಕೇ ಬರುತ್ತದೆ. ಗಾಡಿ ಹೊತ್ತಿಗೆ ಸರಿಯಾಗಿ ಕಾರ್ಖಾನೆ ಸೇರಿತೆಂದ ಮಾತ್ರಕ್ಕೆ ಎತ್ತುಗಳಿಗೆ ಆಯಾಸವಾಗಿಲ್ಲ ಎನ್ನಲಾಗದು.

ಲೆಕ್ಕ ನೋಡಿ. ಹೀಟರ್ ಶುಚಿಯಾಗಿದ್ದಾಗ 70 ಡಿಗ್ರಿಯ ರಸವನ್ನು 102ಕ್ಕೆ ಏರಿಸಲು 115 ಡಿಗ್ರಿಯ ಹಬೆ ಸಾಕಾಗುತ್ತಿತ್ತು ಎಂದಿಟ್ಟುಕೊಳ್ಳಿ. ಒಳಬರುವ ತುದಿಯಲ್ಲಿ ಹಬೆಗೂ ರಸಕ್ಕೂ 45 ಡಿಗ್ರಿ ಅಂತರ, ಹೊರಹೋಗುವ ತುದಿಯಲ್ಲಿ 13. ಇವುಗಳ ಲಾಗ್ ಸರಾಸರಿ (ಎರಡು ಅಂತರಗಳ ವ್ಯತ್ಯಾಸವನ್ನು ಅವುಗಳ ಅನುಪಾತದ ನ್ಯಾಚುರಲ್ ಲಾಗರಿದಮ್‌ನಿಂದ ಭಾಗಿಸಿದ್ದು) ಸುಮಾರು 25.8. ಕೆಲವು ವಾರಗಳ ನಂತರ ಅಷ್ಟೇ ರಸವನ್ನು ಅಷ್ಟೇ ಬಿಸಿ ಮಾಡಲು 120 ಡಿಗ್ರಿಯ ಹಬೆ ಬೇಕಾಯಿತು. ಈಗ ಅಂತರಗಳು 50 ಮತ್ತು 18, ಸರಾಸರಿ 31.3. ಅದೇ ಕೆಲಸಕ್ಕೆ ಹೆಚ್ಚು ಅಂತರ ಬೇಕಾಯಿತೆಂದರೆ ಹೀಟರ್‌ನ ಶಾಖ ವರ್ಗಾವಣೆ ಸಾಮರ್ಥ್ಯ ಸುಮಾರು ಶೇ. 18ರಷ್ಟು ಕುಸಿದಿದೆ ಎಂದರ್ಥ (25.8ನ್ನು 31.3ರಿಂದ ಭಾಗಿಸಿದರೆ 0.82). ಇಷ್ಟೆಲ್ಲ ನಡೆದರೂ ನಿಮ್ಮ ಕಂಟ್ರೋಲ್ ರೂಮಿನ ಪರದೆಯ ಮೇಲಿನ 102 ಒಂದಿಷ್ಟೂ ಕದಲಿರುವುದಿಲ್ಲ.

ಅಲಾರಂ ಹೊಡೆಯುವುದು ವಾಲ್ವ್ ಪೂರ್ತಿ ತೆರೆದು ಇನ್ನು ದಾರಿಯಿಲ್ಲ ಎಂದಾದ ಮೇಲೆ. ಆಗ ರಸ ಫ್ಲ್ಯಾಶ್ ಟ್ಯಾಂಕಿನಲ್ಲಿ (ಬಿಸಿ ರಸ ಒಮ್ಮೆಲೇ ಕುದಿದು ಗಾಳಿ ಬಿಡುವ ತೊಟ್ಟಿ) ಸರಿಯಾಗಿ ಕುದಿಯುವುದಿಲ್ಲ, ಅದರೊಳಗಿನ ಗಾಳಿ ಹೊರಹೋಗುವುದಿಲ್ಲ, ಗಾಳಿ ಅಂಟಿದ ಕಬ್ಬಿನ ಸಣ್ಣ ಸಿಪ್ಪೆ ಕ್ಲಾರಿಫೈಯರ್‌ನಲ್ಲಿ (ರಸ ತಿಳಿಯಾಗುವ ತೊಟ್ಟಿ) ತಳಕ್ಕಿಳಿಯದೆ ತೇಲುತ್ತದೆ. ಅಷ್ಟು ಹೊತ್ತಿಗೆ ಸ್ಟ್ಯಾಂಡ್‌ಬೈ ಹೀಟರ್‌ಗೆ ಬದಲಾಯಿಸಬೇಕಿದ್ದ ದಿನ ಎಂದೋ ಕಳೆದಿರುತ್ತದೆ. ವಾಲ್ವ್ ಎಷ್ಟು ತೆರೆದಿದೆ ಎಂಬ ಅಂಕಿಯನ್ನೂ ಹಬೆಯ ಒತ್ತಡವನ್ನೂ ಪ್ರತಿ ಪಾಳಿಯಲ್ಲಿ ಬರೆದಿಡುವವರು ಇದನ್ನು ಮೊದಲೇ ಕಾಣುತ್ತಾರೆ. ಸಾಫ್ಟ್‌ವೇರ್ ಮಾಡುವುದೂ ಮೂಲತಃ ಇದನ್ನೇ, ಬಿಡುವಿಲ್ಲದೆ.

ಅದು ದೋಷಗಳನ್ನು ಬೇರ್ಪಡಿಸಲೂ ಬಲ್ಲದು. ಸಾಮರ್ಥ್ಯ ದಿನಗಟ್ಟಲೆ ನಿಧಾನವಾಗಿ ಇಳಿದರೆ ಸ್ಕೇಲ್. ಕೆಲವೇ ಗಂಟೆಗಳಲ್ಲಿ ಕುಸಿದರೆ ಸ್ಟೀಮ್ ಟ್ರ್ಯಾಪ್ (ಹಬೆಯನ್ನು ತಡೆದು ನೀರನ್ನಷ್ಟೇ ಹೊರಬಿಡುವ ಸಾಧನ) ಕೆಟ್ಟು ಕಂಡೆನ್ಸೇಟ್ (ಹಬೆ ತಣಿದು ಆದ ನೀರು) ನಿಂತಿರಬಹುದು, ಇಲ್ಲವೇ ಹಬೆಯ ಬದಿಯಲ್ಲಿ ಗಾಳಿ ಸೇರಿರಬಹುದು. ರಸದ ಬದಿಯ ಒತ್ತಡ ನಷ್ಟವೇ ಏರಿದರೆ ಕೊಳವೆಗಳು ಕಟ್ಟಿವೆ. ಕಂಡೆನ್ಸೇಟ್‌ನ ವಿದ್ಯುತ್ ವಾಹಕತೆ ಏರಿದರೆ ಕೊಳವೆ ತೂತಾಗಿ ರಸ ಸೋರುತ್ತಿರುವ ಅನುಮಾನ. ಸಕ್ಕರೆ ತಾನಾಗಿ ವಿದ್ಯುತ್ ಹರಿಸದಿದ್ದರೂ ರಸದಲ್ಲಿನ ಲವಣಗಳು ಹರಿಸುತ್ತವೆ. ಒಂದು ಎಚ್ಚರಿಕೆ ಮಾತ್ರ ಬೇಕು: ಕಬ್ಬಿನ ಸರಬರಾಜು ಕಡಿಮೆಯಾಗಿ ರಸದ ಹರಿವು ತಗ್ಗಿದ ದಿನ, ಕೊಳವೆಯೊಳಗಿನ ವೇಗ ಇಳಿಯುವುದರಿಂದ, ಶುಚಿಯಾದ ಹೀಟರ್‌ನ ಸಾಮರ್ಥ್ಯವೂ ಕಡಿಮೆ ಕಾಣುತ್ತದೆ. ಹರಿವನ್ನು ಲೆಕ್ಕಕ್ಕೆ ಹಿಡಿಯದ ಸಾಫ್ಟ್‌ವೇರ್ ಅದನ್ನೇ ಸ್ಕೇಲ್ ಎಂದು ಕೂಗುತ್ತದೆ.

ಯಾರೂ ಕೇಳದಿದ್ದರೂ ಕೇಳಬೇಕಾದ ಇನ್ನೊಂದು ಪ್ರಶ್ನೆಯಿದೆ: ಸೆನ್ಸರ್ರೇ ತಪ್ಪು ಹೇಳಿದರೆ? ಪಿಟಿ-100 ಸೆನ್ಸರ್‌ನಲ್ಲಿ (ಪ್ಲಾಟಿನಂ ತಂತಿಯ ವಿದ್ಯುತ್ ರೋಧ ನೋಡಿ ತಾಪಮಾನ ಅಳೆಯುವಂಥದ್ದು) ಒಂದು ಡಿಗ್ರಿಗೆ ರೋಧ ಬದಲಾಗುವುದು ಸುಮಾರು 0.385 ಓಮ್ ಮಾತ್ರ. ಎರಡು ತಂತಿಯ ಜೋಡಣೆಯಲ್ಲಿ ಟರ್ಮಿನಲ್ ತುಕ್ಕು ಹಿಡಿದು 0.4 ಓಮ್ ಸೇರಿದರೆ ಒಂದು ಡಿಗ್ರಿ ಹೆಚ್ಚು ಓದುತ್ತದೆ. ಅದು ಔಟ್‌ಲೆಟ್ ಸೆನ್ಸರ್ ಆಗಿದ್ದರೆ, 115 ಡಿಗ್ರಿ ಹಬೆಯ ಲೆಕ್ಕದಲ್ಲಿ ಹೀಟರ್‌ನ ಸಾಮರ್ಥ್ಯ ಇರುವುದಕ್ಕಿಂತ ಶೇ. 6ಕ್ಕೂ ಹೆಚ್ಚು ಉತ್ತಮವಾಗಿ ಕಾಣುತ್ತದೆ, ಅಂದರೆ ಮೇಲಿನ ಕುಸಿತದ ಮೂರನೇ ಒಂದು ಭಾಗ ಮರೆಯಾಗುತ್ತದೆ. ಇದನ್ನು ಹಿಡಿಯಲು ಶಾಖದ ಜಮಾಖರ್ಚು ನೋಡಬೇಕು. ಒಂದು ಕೆಜಿ ಹಬೆ ನೀರಾಗುವಾಗ ಸುಮಾರು 2,200 ಕಿಲೋಜೂಲ್ ಬಿಟ್ಟುಕೊಡುತ್ತದೆ. ಕಂಡೆನ್ಸೇಟ್ ಅಳೆದು ಬಂದ ಈ ಮೊತ್ತವೂ ರಸ ಪಡೆದ ಶಾಖವೂ, ಹೊರಗೆ ಸೋರುವ ಅಲ್ಪ ನಷ್ಟವನ್ನು ಬಿಟ್ಟು, ತಾಳೆಯಾಗಬೇಕು. ತಾಳೆಯಾಗದಿದ್ದರೆ ಕೊಳವೆ ಉಜ್ಜಲು ಬ್ರಷ್ ತರಿಸುವ ಮೊದಲು ಇನ್‌ಸ್ಟ್ರುಮೆಂಟೇಶನ್ ವಿಭಾಗದವರನ್ನು ಕರೆಯಿರಿ.

ಸಾಫ್ಟ್‌ವೇರ್ ಹಾಕಿಸುವವರು ಹಂಗಾಮಿನ ಮೊದಲ ದಿನಗಳ ದತ್ತಾಂಶವನ್ನು, ಕೊಳವೆಗಳು ಶುಚಿಯಾಗಿರುವಾಗಲೇ, ಬೇರೆ ಬೇರೆ ಹರಿವಿನಲ್ಲಿ ದಾಖಲಿಸಿಡಬೇಕು. ಹಂಗಾಮಿನ ನಡುವೆ ಅಳವಡಿಸಿದರೆ ಅದು ಸ್ಕೇಲ್ ಕಟ್ಟಿದ ಹೀಟರನ್ನೇ ಸರಿಯಾದ ಹೀಟರ್ ಎಂದು ಕಲಿಯುತ್ತದೆ.