ವಾಷಿಂಗ್ಟನ್ ಒಪ್ಪಂದದ ಟನ್ ಲೆಕ್ಕ ಮತ್ತು ಜಪಾನಿನ ವಿಮಾನವಾಹಕ ನೌಕೆಗಳು

ಮಾದರಿ ಪರೀಕ್ಷೆಯಲ್ಲಿ ‘ಅಕಾಗಿ, ಕಾಗಾ ಒಂದೇ ಮಾದರಿಯ ಜೋಡಿ ಹಡಗುಗಳು’ ಅಂತ ಬರೆದು ಅಂಕ ಕಳೆದುಕೊಂಡೆ. ನೆನಪು ಹಸಿಯಾಗಿರುವಾಗಲೇ ಬರೆದಿಡುತ್ತಿದ್ದೇನೆ.

ಜಪಾನಿನ ವಿಸ್ತರಣೆಯ ಭಾಗ ಸುಲಭ. 1931ರಲ್ಲಿ ಮಂಚೂರಿಯಾ, 1933ರಲ್ಲಿ ರಾಷ್ಟ್ರಸಂಘ ಬಿಡುವ ಘೋಷಣೆ, 1937ರ ಜುಲೈನಿಂದ ಚೀನಾದ ಮೇಲೆ ಪೂರ್ಣ ಯುದ್ಧ. ಮಂಚೂರಿಯಾ ಭೂಸೇನೆಯ ಕೆಲಸ. ವಿಮಾನವಾಹಕಗಳು ಕಾಣಿಸಿಕೊಳ್ಳುವುದು 1932ರ ಆರಂಭದಲ್ಲಿ, ಶಾಂಘೈ ಕಾಳಗದಲ್ಲಿ. ಅಲ್ಲಿಗೆ ಹೋದದ್ದು ಕಾಗಾ ಮತ್ತು ಹೋಶೋ. ಈ ಹೋಶೋ 1922ರ ಡಿಸೆಂಬರ್‌ನಲ್ಲಿ ಸೇವೆಗೆ ಬಂದ ಪುಟ್ಟ ಹಡಗು.

ಈಗ ನಾನು ಎಡವಿದ ಜಾಗ. ನೌಕಾಬಲಕ್ಕೆ ಮಿತಿ ಹಾಕಿದ 1922ರ ವಾಷಿಂಗ್ಟನ್ ಒಪ್ಪಂದ ಅಂದರೆ ಟನ್ ಲೆಕ್ಕದಲ್ಲಿ 5:5:3, ಅಲ್ವಾ? ಅಮೆರಿಕ, ಬ್ರಿಟನ್, ಜಪಾನ್. ಇದು ಒಂದೇ ಚೀಲ ಅಂದುಕೊಂಡಿದ್ದೆ. ಅಲ್ಲ, ಚೀಲ ಎರಡು. ದೊಡ್ಡ ಯುದ್ಧನೌಕೆಗಳಿಗೆ ಅಮೆರಿಕ, ಬ್ರಿಟನ್‌ಗೆ ತಲಾ 5,25,000 ಟನ್, ಜಪಾನಿಗೆ 3,15,000. ವಿಮಾನವಾಹಕಗಳಿಗೆ ಬೇರೆಯೇ ಚೀಲ: 1,35,000 ಮತ್ತು 81,000. ಭಾಗಿಸಿ ನೋಡಿ, ಇಲ್ಲೂ ಅದೇ 5:3.

ಒಂದು ಚೀಲದ ಟನ್ನನ್ನು ಇನ್ನೊಂದಕ್ಕೆ ಸುರಿಯುವಂತಿಲ್ಲ. ಆದರೆ ಅರ್ಧ ಕಟ್ಟಿದ ಹಡಗನ್ನು ದಾಟಿಸಬಹುದು! ಗುಜರಿಗೆ ಹೋಗಬೇಕಿದ್ದ ಯುದ್ಧನೌಕೆಗಳಲ್ಲಿ ಎರಡನ್ನು ವಿಮಾನವಾಹಕ ಮಾಡಿಕೊಳ್ಳಲು ಒಪ್ಪಂದವೇ ಅವಕಾಶ ಕೊಟ್ಟಿತ್ತು. ಜಪಾನ್ ಆರಿಸಿದ್ದು ಅಕಾಗಿ ಮತ್ತು ಅಮಾಗಿ. ನಿಜವಾದ ಜೋಡಿ ಇವೇ, ಎರಡೂ ಬ್ಯಾಟಲ್‌ಕ್ರೂಸರ್, ಅಂದರೆ ವೇಗಕ್ಕೆ ಒತ್ತು ಕೊಟ್ಟ ದೊಡ್ಡ ಯುದ್ಧನೌಕೆ. 1923ರ ಸೆಪ್ಟೆಂಬರ್ 1ರ ಕಾಂಟೋ ಭೂಕಂಪದಲ್ಲಿ ಯೊಕೊಸುಕಾದಲ್ಲಿದ್ದ ಅಮಾಗಿಯ ಒಡಲು ಜಖಂ ಆಯಿತು. ಆ ಜಾಗಕ್ಕೆ ಬಂದದ್ದು ಕಾಗಾ, ಅದು ಬ್ಯಾಟಲ್‌ಶಿಪ್ ಒಡಲು, ಅಂದರೆ ವೇಗಕ್ಕಿಂತ ಕವಚಕ್ಕೆ ಒತ್ತು. ಅದಕ್ಕೇ ಅಕಾಗಿಗಿಂತ ನಿಧಾನ. ನನ್ನ ಗುರುತು: ‘ಅ-ಅ ಹುಟ್ಟು ಜೋಡಿ, ಕಾ ಭೂಕಂಪ ತಂದ ಜೋಡಿ’. ಪೆದ್ದು ಸಾಲು, ಆದರೆ ಮರೆಯೋದಿಲ್ಲ.

ಇನ್ನು ಕಳೆಯುವ ಲೆಕ್ಕ. ಕಾಗದದಲ್ಲಿ ಅಕಾಗಿ, ಕಾಗಾ ಎರಡೂ ತಲಾ 26,900 ಟನ್, ಒಟ್ಟು 53,800. 81,000ದಲ್ಲಿ ಉಳಿದದ್ದು 27,200. ಹೋಶೋ ಎಲ್ಲಿ ಹೋಯಿತು ಅಂತ ತುಂಬಾ ಹೊತ್ತು ತಲೆ ಕೆಡಿಸಿಕೊಂಡೆ. ಒಪ್ಪಂದದ ಪ್ರಕಾರ 10,000 ಟನ್ ಮೀರಿದರೆ ಮಾತ್ರ ವಿಮಾನವಾಹಕ. ಹೋಶೋ ಚಿಕ್ಕದು, ಲೆಕ್ಕಕ್ಕೇ ಇಲ್ಲ. ಈ ಸಂದಿಯಲ್ಲಿ ನುಸುಳಲೆಂದೇ ಮುಂದಿನ ವಿಮಾನವಾಹಕ ರ‍್ಯೂಜೋವನ್ನು ಸುಮಾರು 8,000 ಟನ್ನಿಗೆ ಯೋಜಿಸಿದರು. ಅಷ್ಟರಲ್ಲಿ 1930ರ ಲಂಡನ್ ಒಪ್ಪಂದ ಚಿಕ್ಕವನ್ನೂ ಲೆಕ್ಕಕ್ಕೆ ಸೇರಿಸಿ ಸಂದಿ ಮುಚ್ಚಿತು. ‘ಹೇಗೂ ಲೆಕ್ಕಕ್ಕೆ ಬರುತ್ತೆ’ ಅಂತ ಅದರ ಮೇಲೆ ಇನ್ನೊಂದು ಹ್ಯಾಂಗರ್ (ವಿಮಾನ ಇಡುವ ಅಂತಸ್ತು) ಏರಿಸಿದರು. ಮೇಲ್ಭಾರ ಜಾಸ್ತಿಯಾಯಿತು, ಆಮೇಲೆ ರಿಪೇರಿಯೋ ರಿಪೇರಿ.

ಮುಂದಿನದು ಬೇಗ. 1934ರ ಡಿಸೆಂಬರ್‌ನಲ್ಲಿ ಜಪಾನ್ ವಾಷಿಂಗ್ಟನ್ ಒಪ್ಪಂದ ಬಿಡುವ ನೋಟಿಸ್ ಕೊಟ್ಟಿತು, 1936ರ ಕೊನೆಗೆ ಮಿತಿ ಮುಗಿಯಿತು. ಸೋರ‍್ಯೂ 1937ರಲ್ಲಿ, ಹಿರ‍್ಯೂ 1939ರಲ್ಲಿ ಬಂದವು. 25,000 ಟನ್ ಮೀರಿದ ಶೋಕಾಕು, ಜುಯಿಕಾಕು 1941ರಲ್ಲಿ. ಆ ವರ್ಷದ ಏಪ್ರಿಲ್‌ನಲ್ಲಿ ವಿಮಾನವಾಹಕಗಳನ್ನು ‘ಮೊದಲ ವಾಯುನೌಕಾಪಡೆ’ಯ ಅಡಿ ತಂದರು. ಡಿಸೆಂಬರ್‌ನಲ್ಲಿ ಅಮೆರಿಕದ ನೌಕಾನೆಲೆ ಪರ್ಲ್ ಹಾರ್ಬರ್ ಮೇಲಿನ ದಾಳಿಗೆ ಹೋದದ್ದು ಆರು: ಈ ನಾಲ್ಕು, ಜೊತೆಗೆ ಅಕಾಗಿ, ಕಾಗಾ. ರ‍್ಯೂಜೋ ಅವತ್ತು ಫಿಲಿಪೀನ್ಸ್ ಕಡೆ ಇತ್ತು, ಪಟ್ಟಿಗೆ ಸೇರಿಸಬೇಡಿ.