ರಾತ್ರಿ ಎರಡು ಗಂಟೆಯ ಡೌನ್‌ಲೋಡ್

2005ರಲ್ಲಿ ಶುರುವಾದ ಬಿಎಸ್ಎನ್ಎಲ್‌ನ ಬ್ರಾಡ್‌ಬ್ಯಾಂಡ್ ಡೇಟಾವನ್ ನೆನಪಿದೆಯಾ? ಅದರ ಕೆಲವು ಪ್ಲ್ಯಾನ್‌ಗಳಲ್ಲಿ ರಾತ್ರಿ 2ರಿಂದ ಬೆಳಿಗ್ಗೆ 8ರವರೆಗೆ ಎಷ್ಟು ಡೌನ್‌ಲೋಡ್ ಮಾಡಿದರೂ ಲೆಕ್ಕವಿಲ್ಲ. ಹಗಲಿನ ಪಾಲು ಮಾತ್ರ ತಿಂಗಳಿಗೆ ಒಂದೆರಡು ಜಿಬಿ. ಹಾಗಾಗಿ ಅಲಾರಾಂ ಇಟ್ಟು ಏಳುವುದು, ಕತ್ತಲಲ್ಲೇ ಡೌನ್‌ಲೋಡ್‌ಗೆ ಹಾಕುವುದು, ಮೋಡೆಮ್‌ನ ಲೈಟು ಪಟಪಟ ಮಿನುಗುವುದನ್ನು ನೋಡಿ ಸಮಾಧಾನವಾಗಿ ಮತ್ತೆ ಮಲಗುವುದು. ಬೆಳಿಗ್ಗೆ 8ಕ್ಕೆ ನಿಲ್ಲಿಸಲು ಮರೆತರೆ ಬಿಲ್ಲಿನಲ್ಲಿ ಗೊತ್ತಾಗುತ್ತಿತ್ತು.

ನಾವದನ್ನು ಪುಕ್ಕಟೆ ಅಂದುಕೊಂಡೆವು. ನನ್ನ ಪ್ರಕಾರ ನಮ್ಮ ದೇಶದ ಇಂಟರ್ನೆಟ್ ಪ್ಲ್ಯಾನ್‌ಗಳಲ್ಲಿ ಅಷ್ಟು ಪ್ರಾಮಾಣಿಕವಾದದ್ದು ಬೇರೆ ಬಂದೇ ಇಲ್ಲ. ಇಂಟರ್ನೆಟ್ ಕೊಡುವ ಕಂಪನಿಗೆ ನೀವು ತಿಂಗಳಲ್ಲಿ ಒಟ್ಟು ಎಷ್ಟು ಜಿಬಿ ಬಳಸಿದಿರಿ ಎನ್ನುವುದರಿಂದ ಹೆಚ್ಚು ಖರ್ಚು ಬರುವುದಿಲ್ಲ. ಎಲ್ಲರೂ ಒಟ್ಟಿಗೆ ಬಳಸುವ ಹೊತ್ತಿನಲ್ಲಿ ಎಷ್ಟು ಬಳಸಿದಿರಿ ಅನ್ನುವುದೇ ಅದಕ್ಕೆ ತಲೆನೋವು. ಊಟ ಮುಗಿಸಿ ಎಲ್ಲರೂ ವಿಡಿಯೊ ಹಚ್ಚುವ ರಾತ್ರಿ 9ರಿಂದ 11ರ ಆ ಎರಡು ಗಂಟೆಗೋಸ್ಕರವೇ ದಪ್ಪ ಪೈಪು, ಅಂದರೆ ಹೆಚ್ಚು ಸಾಮರ್ಥ್ಯದ ಲೈನು, ಹಾಕಿಸಬೇಕು. ಬೆಳಗಿನ ಜಾವ ಅದೇ ಪೈಪು ಖಾಲಿ.

ಕಂಪನಿಗಳಿಗೆ ಇದು ಮೊದಲಿಂದಲೂ ಗೊತ್ತು. 1994ರಲ್ಲಿ ಇಂಗ್ಲೆಂಡಿನ ಲೆಸ್ಟರ್‌ನ ಡಿ ಮಾಂಟ್‌ಫರ್ಟ್ ವಿಶ್ವವಿದ್ಯಾಲಯದಲ್ಲಿ ಹೊರಜಗತ್ತಿಗೆ ಇದ್ದದ್ದು 64 ಕೆಬಿಪಿಎಸ್‌ನ ಒಂದೇ ಲೈನು. ಆ ಲೈನಿನ ಗತಿ ಏನಾಗಿದೆ ಅಂತ ಎಲ್ಲರಿಗೂ ಕುತೂಹಲ. ಅಲ್ಲಿದ್ದ ಟೋಬಿಯಾಸ್ ಓಟಿಕರ್ ಅದಕ್ಕೊಂದು ಗ್ರಾಫ್ ಬರೆಯುವ ಪ್ರೋಗ್ರಾಂ ಮಾಡಿದರು. ಅದೇ ಎಂಆರ್‌ಟಿಜಿ. ಐದೈದು ನಿಮಿಷಕ್ಕೊಮ್ಮೆ ರೌಟರನ್ನು ಕೇಳಿ, ಒಳಬಂದದ್ದಕ್ಕೆ ಹಸಿರು ಗುಡ್ಡ, ಹೊರಹೋದದ್ದಕ್ಕೆ ನೀಲಿ ಗೆರೆ ಎಳೆಯುತ್ತಿತ್ತು. ಹಸಿರು ಗುಡ್ಡ ಲೈನಿನ ಗರಿಷ್ಠ ಮಿತಿಗೆ ತಾಗಿ ಚಪ್ಪಟೆಯಾದರೆ ಪೈಪು ತುಂಬಿದೆ, ಹೊಸದು ಬೇಕು ಎಂದರ್ಥ. ನೆಟ್‌ವರ್ಕಿನವರು ಇವತ್ತಿಗೂ ಇಂಥ ಗ್ರಾಫನ್ನೇ ನೋಡಿಕೊಂಡು ಕೂರುತ್ತಾರೆ.

ಕಂಪನಿಗಳು ತಮ್ಮತಮ್ಮಲ್ಲಿ ಬ್ಯಾಂಡ್‌ವಿಡ್ತ್ (ಲೈನಿನ ಸಾಮರ್ಥ್ಯ) ಮಾರುವ ರೀತಿಯೂ ಹೀಗೇ ಇದೆ. ಐದು ನಿಮಿಷಕ್ಕೊಂದು ಅಳತೆ ಅಂದರೆ 30 ದಿನಕ್ಕೆ 8,640 ಅಳತೆ. ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿ ಮೇಲಿನ ಶೇ 5ನ್ನು ತೆಗೆದುಹಾಕುತ್ತಾರೆ. ಅಂದರೆ 36 ಗಂಟೆಯಷ್ಟು ಜೋರು ಬಳಕೆ ಮಾಫಿ. ಉಳಿದದ್ದರಲ್ಲಿ ಯಾವುದು ದೊಡ್ಡದೋ ಅದಕ್ಕೆ ಬಿಲ್ಲು. ಇಲ್ಲಿ ಒಟ್ಟು ಜಿಬಿಯನ್ನು ಯಾರೂ ಕೇಳುವುದೇ ಇಲ್ಲ. ಅದನ್ನು ಕೇಳುವುದು ನಮ್ಮನ್ನು ಮಾತ್ರ!

ಲೆಕ್ಕ ತಪ್ಪಿದರೆ ಏನಾಗುತ್ತದೆ ಎನ್ನುವುದನ್ನು ಫೋನ್ ಲೈನಿನಲ್ಲಿ ಇಂಟರ್ನೆಟ್ ಕೊಡುತ್ತಿದ್ದ ಅಮೆರಿಕದ ಎಒಎಲ್ ಕಂಪನಿ ತೋರಿಸಿಕೊಟ್ಟಿತು. ಗಂಟೆ ಲೆಕ್ಕದಲ್ಲಿ ದುಡ್ಡು ತೆಗೆದುಕೊಳ್ಳುತ್ತಿದ್ದ ಅದು 1996ರ ಡಿಸೆಂಬರ್ 1ರಿಂದ ತಿಂಗಳಿಗೆ 19.95 ಡಾಲರಿಗೆ ಎಷ್ಟು ಹೊತ್ತಾದರೂ ಇರಿ ಎಂದಿತು. ಜನ ಕನೆಕ್ಟ್ ಆದವರು ಇಳಿಯಲೇ ಇಲ್ಲ. ಸಂಜೆ ಫೋನು ಹಚ್ಚಿದರೆ ಬರೀ ಎಂಗೇಜ್ ಟೋನ್. ಮುಂದಿನ ತಿಂಗಳೇ ಹಲವು ರಾಜ್ಯಗಳ ಅಟಾರ್ನಿ ಜನರಲ್‌ಗಳ ಒತ್ತಾಯಕ್ಕೆ ಮಣಿದು ದುಡ್ಡು ವಾಪಸ್ ಕೊಡಲು ಒಪ್ಪಬೇಕಾಯಿತು. ಗಂಟೆಗಿಷ್ಟು ಎಂದು ಕಾಸು ಎಣಿಸುತ್ತಿದ್ದವರ ಬಳಕೆ ನೋಡಿ, ಎಣಿಸದವರ ಬಳಕೆ ಊಹಿಸುವುದು ಕಷ್ಟ.

ಅಮೆರಿಕದ ಇನ್ನೊಂದು ಇಂಟರ್ನೆಟ್ ಕಂಪನಿ ಕಾಮ್‌ಕಾಸ್ಟ್. 2007ರಲ್ಲಿ ಅದು, ದೊಡ್ಡ ಫೈಲುಗಳನ್ನು ಜನ ತಮ್ಮತಮ್ಮಲ್ಲೇ ಹಂಚಿಕೊಳ್ಳುವ ಬಿಟ್‌ಟೊರೆಂಟ್ ಬಳಸುವವರ ಕನೆಕ್ಷನ್ನನ್ನು ಗುಟ್ಟಾಗಿ ಕಡಿಯುತ್ತಿದ್ದದ್ದು ಬಯಲಾಯಿತು. ಮರುವರ್ಷ ಆಗಸ್ಟ್‌ನಲ್ಲಿ ಅಲ್ಲಿನ ನಿಯಂತ್ರಕ ಸಂಸ್ಥೆ ಎಫ್‌ಸಿಸಿ ಛೀಮಾರಿ ಹಾಕಿತು. ಆ ಆದೇಶವನ್ನು 2010ರಲ್ಲಿ ಕೋರ್ಟು ರದ್ದು ಮಾಡಿದ್ದು ಬೇರೆ ಮಾತು. ಅಷ್ಟರಲ್ಲಿ ಕಾಮ್‌ಕಾಸ್ಟ್ 2008ರ ಅಕ್ಟೋಬರ್‌ನಿಂದ ತಿಂಗಳಿಗೆ 250 ಜಿಬಿ ಮಿತಿ ತಂದಿತ್ತು. ನಡುಮಧ್ಯದ ಗಿರಾಕಿ ಬಳಸುವುದು 2ರಿಂದ 3 ಜಿಬಿ ಅಷ್ಟೇ ಎಂದು ಹೇಳಿದ್ದೂ ಅದೇ. ತಮಾಷೆ ಎಂದರೆ, ಅದೇ ವರ್ಷ ಅವರ ಎಂಜಿನಿಯರುಗಳು ಬೇರೆಯೇ ಒಂದು ವ್ಯವಸ್ಥೆ ಹಾಕಿದ್ದರು. ನಿಮ್ಮ ಬಡಾವಣೆಯ ಲೈನು ತುಂಬಿ ಬರುತ್ತಿದೆ, ನೀವು 15 ನಿಮಿಷದಿಂದ ನಿಮ್ಮ ಸ್ಪೀಡಿನ ಶೇ 70ಕ್ಕಿಂತ ಜಾಸ್ತಿ ಎಳೆಯುತ್ತಿದ್ದೀರಿ, ಆಗ ಮಾತ್ರ ನಿಮ್ಮ ಸರದಿ ಸ್ವಲ್ಪ ಹಿಂದೆ. ಲೈನು ಖಾಲಿ ಇದ್ದರೆ ಎಷ್ಟಾದರೂ ಎಳೆಯಿರಿ. ಎಂಜಿನಿಯರುಗಳು ಹೊತ್ತು ನೋಡಿದರು, ಮಾರಾಟದವರು ತೂಕ ನೋಡಿದರು.

ನಮ್ಮಲ್ಲೂ ಹಾಗೇ ಆಯಿತು. ನಮ್ಮ ದೂರಸಂಪರ್ಕ ನಿಯಂತ್ರಕ ಸಂಸ್ಥೆ ಟ್ರಾಯ್ 2006ರಲ್ಲೇ ಹೇಳಿತ್ತು: ಅತಿ ಹೆಚ್ಚು ಬಳಕೆಯ ಹೊತ್ತಿನಲ್ಲಿ ಲೈನು ಶೇ 80ಕ್ಕಿಂತ ಜಾಸ್ತಿ ತುಂಬಬಾರದು, 90 ದಾಟಿದರೆ ಅದು ದಟ್ಟಣೆ. ನಿಯಮದ ಕಣ್ಣಿದ್ದದ್ದು ಹೊತ್ತಿನ ಮೇಲೆ. ಗಿರಾಕಿಗೆ ಸಿಕ್ಕಿದ್ದು ಮಾತ್ರ ‘ಅನ್‌ಲಿಮಿಟೆಡ್’ ಎಂಬ ದೊಡ್ಡ ಅಕ್ಷರ, ಕೆಳಗೆ ಇರುವೆಯಷ್ಟು ಚಿಕ್ಕ ಅಕ್ಷರದಲ್ಲಿ ಎಫ್‌ಯುಪಿ, ಅಂದರೆ ಇಷ್ಟು ಜಿಬಿ ದಾಟಿದರೆ ಸ್ಪೀಡು ಇಳಿಸುತ್ತೇವೆ ಎಂಬ ಷರತ್ತು. ನನಗೂ ಒಮ್ಮೆ ತಿಂಗಳ ಇಪ್ಪತ್ತನೇ ತಾರೀಕಿಗೇ ಸ್ಪೀಡು ಕುಸಿದು, ಬೆಳಗಿನ 5 ಗಂಟೆಗೂ ಮೇಲ್ ತೆರೆಯುವುದು ಕಷ್ಟವಾಗಿತ್ತು. ಆ ಹೊತ್ತಿನಲ್ಲಿ ನಾನು ಯಾರಿಗೆ ಅಡ್ಡ ಬರುತ್ತಿದ್ದೆ? ಕೊನೆಗೆ 2012ರಲ್ಲಿ ಟ್ರಾಯ್, ಮಿತಿ ಎಷ್ಟು, ದಾಟಿದ ಮೇಲೆ ಸ್ಪೀಡ್ ಎಷ್ಟು ಎಂದು ಸರಿಯಾಗಿ ತಿಳಿಸಿ ಎಂದಿತು. 2016ರಲ್ಲಿ ಮನೆಯ ಬ್ರಾಡ್‌ಬ್ಯಾಂಡ್‌ನ ಸ್ಪೀಡು 512 ಕೆಬಿಪಿಎಸ್‌ಗಿಂತ ಕೆಳಗಿಳಿಯಬಾರದು ಎಂದಿತು.

ಅದೇ 2016ರ ಸೆಪ್ಟೆಂಬರ್ 5ಕ್ಕೆ ಜಿಯೊ ಬಂತು. ಆಮೇಲೆ ಮೊಬೈಲಿನಲ್ಲಿ ‘ದಿನಕ್ಕೆ ಇಷ್ಟು ಜಿಬಿ’ ಎನ್ನುವುದೇ ರೂಢಿಯಾಯಿತು. ಅದೂ ತೂಕವೇ, ಪೊಟ್ಟಣ ಚಿಕ್ಕದು ಅಷ್ಟೆ. ರಾತ್ರಿ ಹನ್ನೊಂದೂವರೆಗೆ ‘ಇವತ್ತಿನ ಡೇಟಾ ಉಳಿದುಬಿಡುತ್ತಲ್ಲ’ ಎಂದು ಸುಮ್ನೆ ರೀಲ್ಸ್ ನೋಡುವವರು ನಿಮ್ಮ ಮನೆಯಲ್ಲೂ ಇದ್ದಾರೆ, ಅಲ್ವಾ?

ಎಷ್ಟು ಬಳಸಿದರು ಎಂದು ನೋಡಲು ಕೂತವರಿಗೆ ಏನು ನೋಡಿದರು ಎನ್ನುವ ಆಸೆಯೂ ಹುಟ್ಟುತ್ತದೆ. ಬ್ರಿಟನ್ನಿನ ಟೆಲಿಫೋನ್ ಕಂಪನಿ ಬಿಟಿ 2006-07ರಲ್ಲಿ ಗಿರಾಕಿಗಳಿಗೆ ಹೇಳದೆ, ಅವರು ನೋಡುವ ಪುಟಗಳ ಜಾಡು ಹಿಡಿಯುವ ಫಾರ್ಮ್ ಎಂಬ ಜಾಹೀರಾತು ಕಂಪನಿಯ ತಂತ್ರವನ್ನು ಪರೀಕ್ಷಿಸಿ ಸಿಕ್ಕಿಬಿತ್ತು. ಲೈನು ದಪ್ಪ ಮಾಡಲು ಈ ಮಾಹಿತಿ ಬೇಕೇ ಇಲ್ಲ.

ಬಳಕೆಯ ಲೆಕ್ಕದಿಂದ ನಿಜವಾಗಿ ಸಿಕ್ಕ ಉಪಯೋಗ ಅಂದರೆ ಒಂದು ಪೆಟ್ಟಿಗೆ. ಟ್ರಾಫಿಕ್ ಎಲ್ಲಿಂದ ಬರುತ್ತಿದೆ ಎಂದು ನೋಡಿದರೆ, ಬಹುಪಾಲು ಬೆರಳೆಣಿಕೆಯಷ್ಟು ಕಡೆಯಿಂದ. ಅದೇ ಸಿನಿಮಾ, ಅದೇ ವಿಡಿಯೊ ಸಾವಿರ ಸಲ ದೂರದಿಂದ ಯಾಕೆ ಬರಬೇಕು? ಹಾಗಾಗಿ ಗೂಗಲ್, ನೆಟ್‌ಫ್ಲಿಕ್ಸ್‌ನವರು ತಮ್ಮ ಸರ್ವರ್ ಪೆಟ್ಟಿಗೆಗಳನ್ನು ಇಂಟರ್ನೆಟ್ ಕಂಪನಿಗಳ ಕಟ್ಟಡದೊಳಗೇ ತಂದಿಟ್ಟರು. ಒಂದು ಸಲ ತರಿಸಿಟ್ಟರೆ ಸಾವಿರ ಮನೆಗೆ ಅಲ್ಲಿಂದಲೇ ಹಂಚಬಹುದು.

ನೆಟ್‌ಫ್ಲಿಕ್ಸ್ ಪೆಟ್ಟಿಗೆಗೆ ಹೊಸ ಸಿನಿಮಾ ತುಂಬುವುದು ಯಾವಾಗ ಗೊತ್ತಾ? ನಾವೆಲ್ಲ ಮಲಗಿರುವಾಗ, ಲೈನು ಖಾಲಿ ಇರುವ ಬೆಳಗಿನ ಜಾವದಲ್ಲಿ.