ಮಾನಿಟರ್ ಇಲ್ಲದ ಮನೆಯಲ್ಲಿ ಮಗುವಿನ ಉಸಿರು ನೋಡಿಕೊಳ್ಳುವುದು ಹೇಗೆ?

ಪ್ರಶ್ನೆ: ನನ್ನ ಮಗಳು 31 ವಾರಕ್ಕೇ ಹುಟ್ಟಿದಳು. ಆಗ 1,280 ಗ್ರಾಂ ಇದ್ದಳು. 38 ದಿನದಿಂದ ಎನ್‌ಐಸಿಯುನಲ್ಲಿ, ಅಂದರೆ ನವಜಾತ ಶಿಶುಗಳ ತೀವ್ರ ನಿಗಾ ಘಟಕದಲ್ಲಿ ಇದ್ದಾಳೆ. ಈಗ 1,820 ಗ್ರಾಂ ಆಗಿದ್ದಾಳೆ, ನಾಳಿದ್ದು ಡಿಸ್ಚಾರ್ಜ್ ಅಂತ ಹೇಳಿದ್ದಾರೆ. ಇಷ್ಟು ದಿನ ಮಾನಿಟರ್ ಇತ್ತು, ಸಿಸ್ಟರ್ ಇದ್ದರು. ಮನೆಗೆ ಹೋದ ಮೇಲೆ ರಾತ್ರಿ ಹೊತ್ತು ಉಸಿರಾಡುತ್ತಿದ್ದಾಳೋ ಇಲ್ಲವೋ ಅಂತ ನನಗೆ ಹೇಗೆ ಗೊತ್ತಾಗಬೇಕು? ತುಂಬಾ ಭಯ ಆಗುತ್ತಿದೆ.

ಉತ್ತರ: ನಾನು ನವಜಾತ ಶಿಶುಗಳ ವಾರ್ಡಿನಲ್ಲಿ ಹನ್ನೆರಡು ವರ್ಷದಿಂದ ನರ್ಸ್. ಮಗುವಿನ ಪಾದಕ್ಕೆ ಸುತ್ತಿದ ಕೆಂಪು ದೀಪದ ಪ್ರೋಬ್ ಇದೆಯಲ್ಲ, ಅದನ್ನು ಬಿಚ್ಚುವಾಗ ತಾಯಂದಿರ ಮುಖ ನೋಡಿದ್ದೇನೆ. ಪರದೆ ಆರಿದ ಕೂಡಲೇ ಅವರ ಕಣ್ಣು ಮಗುವಿನ ಎದೆಯ ಮೇಲೆ ನಿಲ್ಲುತ್ತದೆ. ನಿಮ್ಮ ಪ್ರಶ್ನೆಗೆ ಉತ್ತರ ಅಲ್ಲೇ ಇದೆ ತಾಯಿ. ಅದುವರೆಗೆ ಪರದೆ ನೋಡುತ್ತಿದ್ದವರು ಈಗ ಮಗುವನ್ನೇ ನೋಡುತ್ತೀರಿ. ಏನು ನೋಡಬೇಕು ಅನ್ನುವುದೊಂದು ಗೊತ್ತಿದ್ದರೆ ಸಾಕು.

ಮೊದಲು ಒಂದು ಧೈರ್ಯದ ಮಾತು. ಇಂಥ ಮಗುವನ್ನು ಯಾರೂ ಸುಮ್ನೆ ಮನೆಗೆ ಕಳಿಸುವುದಿಲ್ಲ. ಉಸಿರು ನಿಲ್ಲುವ ತೊಂದರೆ, ಅಂದರೆ ಅಪ್ನಿಯಾ, ಹಲವು ದಿನದಿಂದ ಬಂದಿಲ್ಲ ಅಂತ ಖಾತ್ರಿ ಆಗಿರಬೇಕು. ಟ್ಯೂಬ್ ಇಲ್ಲದೆ ಪೂರ್ತಿ ಹಾಲು ಬಾಯಲ್ಲೇ ಕುಡಿಯಬೇಕು. ವಾರ್ಮರ್ ಇಲ್ಲದೆ ಮೈ ಬೆಚ್ಚಗಿರಬೇಕು. ತೂಕ ದಿನದಿನ ಏರುತ್ತಿರಬೇಕು. ಇಷ್ಟೂ ಆದ ಮೇಲೇ ಡಾಕ್ಟರ್ ಡಿಸ್ಚಾರ್ಜ್ ಬರೆಯುವುದು.

ಈಗ ಉಸಿರಿನ ವಿಷಯ. ದಿನ ತುಂಬದೆ ಹುಟ್ಟಿದ ಮಕ್ಕಳು ಗಡಿಯಾರದ ಹಾಗೆ ಒಂದೇ ಸಮ ಉಸಿರಾಡುವುದಿಲ್ಲ. ನಾಲ್ಕಾರು ಸಲ ಬೇಗ ಬೇಗ ಎಳೆದುಕೊಳ್ಳುತ್ತವೆ, ಐದು ಹತ್ತು ಸೆಕೆಂಡ್ ಸುಮ್ಮನಾಗುತ್ತವೆ, ಮತ್ತೆ ಶುರು ಮಾಡುತ್ತವೆ. ತುಟಿ ಗುಲಾಬಿ ಬಣ್ಣದಲ್ಲೇ ಇದ್ದರೆ ಇದು ಮಾಮೂಲು. 20 ಸೆಕೆಂಡ್ ದಾಟಿದರೆ ಮಾಮೂಲಲ್ಲ. ಅದಕ್ಕಿಂತ ಕಡಿಮೆ ಹೊತ್ತೇ ನಿಂತರೂ ತುಟಿ, ನಾಲಿಗೆ ನೀಲಿಯಾದರೆ ಅಥವಾ ಮೈ ಜೋತುಬಿದ್ದರೆ ಅದೂ ಮಾಮೂಲಲ್ಲ. ಆಗ ಅಂಗಾಲು ತಟ್ಟಿ, ಬೆನ್ನು ಉಜ್ಜಿ, ಜೊತೆಯಲ್ಲಿದ್ದವರಿಗೆ 108ಕ್ಕೆ ಫೋನ್ ಮಾಡಲು ಹೇಳಿ. ಉಸಿರು ಮರಳಿ ಬಂದರೂ ಆಗಲೇ ಆಸ್ಪತ್ರೆಗೆ ಹೊರಡಿ, ಬೆಳಗಾಗಲಿ ಅಂತ ಕಾಯಬೇಡಿ.

ಉಸಿರು ಎಣಿಸುವುದನ್ನು ಕಲಿತುಕೊಳ್ಳಿ. ಮಗು ಶಾಂತವಾಗಿದ್ದಾಗ ಬಟ್ಟೆ ಸ್ವಲ್ಪ ಮೇಲೆತ್ತಿ ಹೊಟ್ಟೆ ನೋಡಿ. ಒಮ್ಮೆ ಉಬ್ಬಿ ಇಳಿದರೆ ಒಂದು. ಮೊಬೈಲಿನಲ್ಲಿ ಸಮಯ ಇಟ್ಟುಕೊಂಡು ಪೂರ್ತಿ ಒಂದು ನಿಮಿಷ ಎಣಿಸಿ. ಅರ್ಧ ನಿಮಿಷ ಎಣಿಸಿ ದುಪ್ಪಟ್ಟು ಮಾಡಿದರೆ ಈ ಮಕ್ಕಳಲ್ಲಿ ಲೆಕ್ಕ ತಪ್ಪುತ್ತದೆ. 60 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಇನ್ನೊಮ್ಮೆ ಎಣಿಸಿ. ಮತ್ತೆ ಅಷ್ಟೇ ಬಂದರೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಉಸಿರೆಳೆದಾಗ ಪಕ್ಕೆ ಆಳಕ್ಕೆ ಒಳಹೋಗುತ್ತಿದ್ದರೆ, ಪ್ರತಿ ಉಸಿರಿಗೂ ನರಳುತ್ತಿದ್ದರೆ, ಎಣಿಸುತ್ತಾ ಕೂರಬೇಡಿ, ಹೊರಡಿ.

ಉಸಿರಿನಷ್ಟೇ ಮುಖ್ಯ ಮೈಶಾಖ. ಕೈಯ ಹಿಂಭಾಗವನ್ನು ಮೊದಲು ಮಗುವಿನ ಹೊಟ್ಟೆಗೆ, ಆಮೇಲೆ ಅಂಗಾಲಿಗೆ ಮುಟ್ಟಿಸಿ. ಎರಡೂ ಬೆಚ್ಚಗಿದ್ದರೆ ಸರಿ. ಹೊಟ್ಟೆ ಬೆಚ್ಚಗಿದ್ದು ಕಾಲು ತಣ್ಣಗಿದ್ದರೆ ಮಗುವಿಗೆ ಚಳಿಯಾಗಿದೆ, ತಕ್ಷಣ ಎದೆಗೆ ಹಾಕಿಕೊಳ್ಳಿ. ಎರಡೂ ತಣ್ಣಗಿದ್ದರೆ ಅಪಾಯ, ಎದೆಗೆ ಹಾಕಿಕೊಂಡೇ ಆಸ್ಪತ್ರೆಗೆ ಹೊರಡಿ. ಥರ್ಮಾಮೀಟರ್ ಇದ್ದರೆ ಕಂಕುಳಲ್ಲಿ 36.5ರಿಂದ 37.5 ಡಿಗ್ರಿ ಸೆಲ್ಸಿಯಸ್ ಇರಬೇಕು.

ಎದೆಗೆ ಹಾಕಿಕೊಳ್ಳುವುದು ಅಂದೆನಲ್ಲ, ಅದೇ ಕಾಂಗರೂ ಆರೈಕೆ. ವಾರ್ಡಿನಲ್ಲಿ ನಿಮಗೆ ಕಲಿಸಿರುತ್ತಾರೆ. ಕೊಲಂಬಿಯಾದ ಬೊಗೋಟಾದಲ್ಲಿ 1970ರ ದಶಕದ ಕೊನೆಗೆ ಇನ್‌ಕ್ಯುಬೇಟರ್ ಸಾಲದೆ ಶುರುವಾದದ್ದು ಇದು. ದಿನಕ್ಕೆ 8ರಿಂದ 24 ಗಂಟೆ, ಆದಷ್ಟು ಜಾಸ್ತಿ ಹೊತ್ತು ಮಾಡಿ ಅಂತ ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೇಳಿದೆ. ನಮ್ಮ ಕೊಪ್ಪಳ ಜಿಲ್ಲೆಯಲ್ಲೂ ಇದನ್ನು ಆಸ್ಪತ್ರೆಯಿಂದ ಮನೆಯವರೆಗೆ ತಲುಪಿಸುವ ದೊಡ್ಡ ಕೆಲಸ ನಡೆದಿದೆ. ಟೋಪಿ, ಸಾಕ್ಸ್, ನ್ಯಾಪಿ ಬಿಟ್ಟು ಬೇರೆ ಬಟ್ಟೆ ಇಲ್ಲದ ಮಗು ನಿಮ್ಮ ಎದೆಯ ನಡುವೆ ನೆಟ್ಟಗೆ, ಕತ್ತು ಒಂದು ಕಡೆ ತಿರುಗಿ, ಮೂಗು ಬಾಯಿ ಮುಚ್ಚದಂತೆ ಇರಬೇಕು. ಮೇಲೆ ಗಟ್ಟಿಯಾಗಿ ಬಟ್ಟೆ ಕಟ್ಟಿ, ದಿಂಬು ಒರಗಿಕೊಂಡು ಅರ್ಧ ಮಲಗಿದ ಹಾಗಿರಿ. ಆಗ ಮಗುವಿನ ಒಂದೊಂದು ಉಸಿರೂ ನಿಮ್ಮ ಚರ್ಮಕ್ಕೆ ತಾಗುತ್ತದೆ. ರಾತ್ರಿಯ ಭಯಕ್ಕೆ ನನಗೆ ಗೊತ್ತಿರುವ ಒಳ್ಳೆಯ ಮದ್ದು ಇದೇ. ನಿಮಗೆ ಸುಸ್ತಾದಾಗ ಅಪ್ಪನೋ ಅಜ್ಜಿಯೋ ಹಾಕಿಕೊಳ್ಳಲಿ.

ಕೆಳಗೆ ಮಲಗಿಸುವಾಗ ಅಂಗಾತವೇ ಮಲಗಿಸಿ. ವಾರ್ಡಿನಲ್ಲಿ ಬೋರಲು ಮಲಗಿಸಿದ್ದನ್ನು ನೋಡಿರುತ್ತೀರಿ ಅಲ್ವಾ? ಅಲ್ಲಿ ಮಾನಿಟರ್ ಇತ್ತು. ಮನೆಯಲ್ಲಿ ಬೋರಲು ಬೇಡ, ಮೆತ್ತನೆ ದಿಂಬೂ ಬೇಡ.

ಹಾಲು ಎರಡು ಗಂಟೆಗೊಮ್ಮೆ, ನಿದ್ದೆಯಲ್ಲಿದ್ದರೂ ಎಬ್ಬಿಸಿ ಕೊಡಿ. ಈ ಮಕ್ಕಳು ಹಸಿದರೂ ಅಳದೆ ಮಲಗಿಬಿಡುತ್ತವೆ. ಎದೆ ಚೀಪಿ ದಣಿದರೆ ಉಳಿದದ್ದನ್ನು ಹಿಂಡಿ ಒಳಲೆಯಲ್ಲಿ ಕುಡಿಸಿ. ನಿನ್ನೆ ಚೆನ್ನಾಗಿ ಕುಡಿದ ಮಗು ಇವತ್ತು ಒಳಲೆ ತುಟಿಗಿಟ್ಟರೂ ಬೇಡ ಅನ್ನುತ್ತಿದ್ದರೆ ನಾನು ಹೆದರುತ್ತೇನೆ. ಸೋಂಕಾದಾಗ ಎಷ್ಟೋ ಸಲ ಜ್ವರ ಬರುವುದೇ ಇಲ್ಲ, ಹಾಲು ಬಿಡುವುದೇ ಮೊದಲ ಗುರುತು. ಮಂಕಾಗಿರುವುದು, ಫಿಟ್ಸ್, ಅಂಗೈ ಅಂಗಾಲಿನವರೆಗೂ ಹಳದಿ, ಇವಕ್ಕೂ ಅಂದೇ ಹೋಗಬೇಕು. ಸರ್ಕಾರಿ ಆಸ್ಪತ್ರೆಯಲ್ಲಿ ಒಂದು ವರ್ಷದೊಳಗಿನ ಮಗುವಿಗೆ ಚಿಕಿತ್ಸೆಯೂ ಹೋಗಿಬರುವ ವಾಹನವೂ ಉಚಿತ. ಆಶಾ ಕಾರ್ಯಕರ್ತೆ ಮನೆಗೆ ಬಂದಾಗ ತೂಕ ಮಾಡಿಸಿ. ದಿನಕ್ಕೆ 20ರಿಂದ 30 ಗ್ರಾಂ ಏರುತ್ತಿದ್ದರೆ ನೆಮ್ಮದಿಯಾಗಿರಿ.

ಇನ್ನು ಬಾಣಂತನ. ಅಜ್ಜಿಯರ ಕೈ ಈ ಮಗುವಿಗೆ ಬೇಕೇ ಬೇಕು, ಆದರೆ ಸಾಂಬ್ರಾಣಿ ಹೊಗೆ ಖಂಡಿತ ಬೇಡ. ದಿನ ತುಂಬದೆ ಹುಟ್ಟಿದ ಮಗುವಿನ ಶ್ವಾಸಕೋಶ ಅದು. ಮುಚ್ಚಿದ ಕೋಣೆಯಲ್ಲಿ ಕೆಂಡದ ಅಗ್ಗಿಷ್ಟಿಕೆ ಇಟ್ಟರೆ ತಾಯಿ ಮಗು ಇಬ್ಬರಿಗೂ ವಿಷ. ಮೂಗಿಗೆ ಎಣ್ಣೆ ಬಿಟ್ಟರೆ ಅದು ನೇರ ಶ್ವಾಸಕೋಶಕ್ಕೆ ಇಳಿಯಬಹುದು. ಬಜೆ ತೇಯ್ದು ನೆಕ್ಕಿಸುವುದು, ಜೇನುತುಪ್ಪ, ಘುಟ್ಟಿ, ಇವೂ ಬೇಡ. ಎಣ್ಣೆನೀರಿನ ಸ್ನಾನ ಎರಡೂವರೆ ಕೆಜಿ ಆಗಲಿ, ಅಲ್ಲಿಯವರೆಗೆ ಬೆಚ್ಚಗಿನ ಬಟ್ಟೆಯಲ್ಲಿ ಒರೆಸಿ ಅಂತ ನಮ್ಮ ವಾರ್ಡಿನಲ್ಲಿ ಹೇಳುತ್ತೇವೆ. ಇದನ್ನೆಲ್ಲ ಅತ್ತೆಗೆ ಸೊಸೆ ಹೇಳುವುದು ಕಷ್ಟ, ನನಗೆ ಗೊತ್ತು. ಅದಕ್ಕೇ ಡಿಸ್ಚಾರ್ಜ್ ದಿನ ಅವರನ್ನೂ ಕರೆತನ್ನಿ. ಡಾಕ್ಟರ್ ಬಾಯಲ್ಲೇ ಕೇಳಿಸಿ, ಕಾಂಗರೂ ಆರೈಕೆಯನ್ನು ಅವರಿಗೂ ಅಲ್ಲೇ ಕಲಿಸಿ. ಮೊಮ್ಮಗಳು ಎದೆಯ ಮೇಲೆ ನಿದ್ದೆ ಹೋದ ಮೇಲೆ ಹೊಗೆ ಹಾಕಲೇಬೇಕು ಅಂತ ಹಟ ಹಿಡಿದ ಅಜ್ಜಿಯನ್ನು ನಾನು ಕಂಡಿಲ್ಲ. ಮಗು ನೋಡಲು ಬರುವ ನೆಂಟರಿಗೆ ಮಾತ್ರ ಬಾಗಿಲಲ್ಲೇ ಹೇಳಿ: ಶೀತ ಕೆಮ್ಮು ಇದ್ದವರು ಒಳಗೆ ಬರುವುದು ಬೇಡ.

ಒಂದು ವಿಷಯ ದಯವಿಟ್ಟು ಮರೆಯಬೇಡಿ, ಕಣ್ಣಿನ ಪರೀಕ್ಷೆ. ದಿನ ತುಂಬದ ಮಕ್ಕಳಲ್ಲಿ ಕಣ್ಣಿನ ಒಳಪರದೆಯ ರಕ್ತನಾಳ ಅಡ್ಡಾದಿಡ್ಡಿ ಬೆಳೆದು ದೃಷ್ಟಿಯನ್ನೇ ಕಸಿಯಬಹುದು. ಇದಕ್ಕೆ ಆರ್‌ಒಪಿ ಅನ್ನುತ್ತಾರೆ. ಹೊರಗಿನಿಂದ ಕಣ್ಣು ಚಂದವಾಗೇ ಕಾಣುತ್ತದೆ. ನಮ್ಮಲ್ಲಿ 34 ವಾರಕ್ಕಿಂತ ಮೊದಲು ಹುಟ್ಟಿದವರಿಗೆ ಅಥವಾ ಹುಟ್ಟುವಾಗ 2 ಕೆಜಿಗಿಂತ ಕಡಿಮೆ ಇದ್ದವರಿಗೆ, ಹುಟ್ಟಿದ 30 ದಿನದೊಳಗೆ ಮೊದಲ ಪರೀಕ್ಷೆ ಆಗಬೇಕು. ನಿಮ್ಮ ಮಗಳಿಗೆ ಆಗಿದೆಯಾ ಅಂತ ಇವತ್ತೇ ಕೇಳಿ. ಆಗಿದ್ದರೆ ಮುಂದಿನ ತಾರೀಕು ಯಾವುದು ಅಂತ ಬರೆಸಿಕೊಳ್ಳಿ. ಲೇಸರ್ ಬೇಕು ಅಂದರೆ ಎರಡು ಮೂರು ದಿನದೊಳಗೇ ಮಾಡಿಸಬೇಕು, ಹಬ್ಬ ಮುಗಿಯಲಿ ಅನ್ನುವಂತಿಲ್ಲ. ಬೆಂಗಳೂರಿನ ನಾರಾಯಣ ನೇತ್ರಾಲಯದ ಡಾ. ಆನಂದ್ ವಿನೇಕರ್ ತಂಡ 2008ರಲ್ಲಿ ಕಿಡ್‌ರಾಪ್ ಅನ್ನುವ ಆರ್‌ಒಪಿ ತಪಾಸಣೆಯ ಕಾರ್ಯಕ್ರಮ ಶುರು ಮಾಡಿ, ಕ್ಯಾಮೆರಾ ಹೊತ್ತು ಜಿಲ್ಲೆಗಳಿಗೇ ಹೋಗಿ ಪರೀಕ್ಷೆ ಮಾಡಿದ್ದು ಎಷ್ಟೋ ಮಕ್ಕಳ ದೃಷ್ಟಿ ಉಳಿಸಲಿಕ್ಕೆ. ಕಿವಿಯ ಪರೀಕ್ಷೆಯನ್ನೂ ಕೇಳಿ ಮಾಡಿಸಿ.

ಲಸಿಕೆ ಹುಟ್ಟಿದ ದಿನದ ಲೆಕ್ಕದಲ್ಲೇ. ಹಾಗಾಗಿ ಆರು ವಾರದ್ದು ಇನ್ನು ನಾಲ್ಕೇ ದಿನದಲ್ಲಿ ಬರುತ್ತದೆ. ಬೆಳವಣಿಗೆಗೆ ಮಾತ್ರ ಬೇರೆ ಲೆಕ್ಕ. ಮಗು 9 ವಾರ ಮುಂಚೆ ಬಂದಿದ್ದಾಳೆ, ಅಷ್ಟನ್ನು ಕಳೆಯಿರಿ. ಮೂರು ತಿಂಗಳಾದರೂ ನಗುವುದಿಲ್ಲವಾ ಅಂತ ಪಕ್ಕದ ಮನೆಯವರು ಕೇಳಿದರೆ, ಅವಳಿಗೆ ಇನ್ನೂ ಒಂದೇ ತಿಂಗಳು ಅನ್ನಿ.

ನಿಮ್ಮ ಬಗ್ಗೆಯೂ ಒಂದು ಮಾತು. ಮಗು ಮಲಗಿದ್ದರೂ ನಿಮಗೆ ನಿದ್ದೆ ಬರದೆ, ಸುಮ್ಸುಮ್ನೆ ಅಳು ಬಂದು, ಎರಡು ವಾರವಾದರೂ ಹಾಗೇ ಇದ್ದರೆ ಡಾಕ್ಟರಿಗೆ ಹೇಳಿ. ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು.

ನಾಳೆ ಒಂದು ದಿನ ಇನ್ನೂ ಇದೆ. ಮಾನಿಟರ್ ಹಾಕಿದ್ದರೆ ಅದರ ಪರದೆಗೆ ಬೆನ್ನು ಮಾಡಿ ಕೂತು, ಮಗಳ ಹೊಟ್ಟೆ ನೋಡುತ್ತಾ ಒಂದು ನಿಮಿಷ ಉಸಿರು ಎಣಿಸಿ. ಆಮೇಲೆ ತಿರುಗಿ ಪರದೆಯಲ್ಲಿ ಉಸಿರಿನ ಲೆಕ್ಕ ನೋಡಿ. ಮಾನಿಟರ್ ತೆಗೆದಿದ್ದರೆ ಸಿಸ್ಟರನ್ನು ಜೊತೆಗೆ ಎಣಿಸಲು ಕರೆಯಿರಿ. ಮೂರು ನಾಲ್ಕು ಸಲ ಹೀಗೆ ಮಾಡಿ, ನಿಮ್ಮ ಲೆಕ್ಕ ಹೆಚ್ಚುಕಡಿಮೆ ಕೂಡಿ ಬರುವವರೆಗೆ.